ಹಡಗಿಗಿಂತ ಮೊದಲು ದಕ್ಕೆ

ಊರಿಗೆ ಹೋಗುವಾಗ ಹಿರಿಯೂರು ದಾಟಿ ಸ್ವಲ್ಪ ದೂರದಲ್ಲಿ ಬಸ್ಸು ನಿಂತಿತು. ಅರ್ಧ ಗಂಟೆಯಾದರೂ ಹೊರಡಲಿಲ್ಲ. ಇಳಿದು ನೋಡಿದರೆ ಮುಂದೆ ಒಂದು ಟ್ರೈಲರ್, ಅದರ ಮೇಲೆ ಗಾಳಿಯಂತ್ರದ ಒಂದೇ ಒಂದು ರೆಕ್ಕೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವಾಗ ನಾಜೂಕಾಗಿ ಕಾಣುವ ಅದೇ ರೆಕ್ಕೆ ರಸ್ತೆಯ ಮೇಲೆ ಮಲಗಿದಾಗ ಮುಗಿಯುವುದೇ ಇಲ್ಲ ಅನ್ನಿಸುತ್ತೆ. ಹೆದ್ದಾರಿಯಿಂದ ಒಳರಸ್ತೆಗೆ ತಿರುಗಬೇಕಿತ್ತು, ತಿರುಗಲು ಆಗುತ್ತಿರಲಿಲ್ಲ. ಇಬ್ಬರು ಹುಡುಗರು ಬಾವುಟ ಹಿಡಿದು ಕೂಗುತ್ತಿದ್ದರು. ಇನ್ನೊಬ್ಬ ಬೀಡಿ ಹಚ್ಚಿಕೊಂಡು ಮೋರಿಕಟ್ಟೆಯ ಮೇಲೆ ಕೂತಿದ್ದ.

"ಏನಣ್ಣ, ಇಷ್ಟುದ್ದ ಮಾಡೋವಾಗ ತಿರುವು ಎಷ್ಟಿದೆ ಅಂತ ನೋಡಲ್ವಾ?" ಅಂದೆ.

"ತಿರುವು ನೋಡ್ಕೊಂಡು ರೆಕ್ಕೆ ಮಾಡಕ್ಕಾಯ್ತದಾ ಸಾರ್? ರೆಕ್ಕೆ ನೋಡ್ಕೊಂಡು ತಿರುವು ಮಾಡ್ಬೇಕು" ಅಂದ.

ನನಗೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ನಾವು ಓದುವ ಇತಿಹಾಸದಲ್ಲಿ ಯಂತ್ರ ಕಂಡುಹಿಡಿದವನ ಹೆಸರಿರುತ್ತೆ, ಹಡಗಿನ ಹೆಸರಿರುತ್ತೆ. ತಿರುವು ಮಾಡಿದವರ ಹೆಸರು ಇರುವುದಿಲ್ಲ. ಆಮೇಲೆ ಕೂತು ಓದುತ್ತಾ ಹೋದ ಹಾಗೆ, ಹಡಗುಗಳ ಇತಿಹಾಸ ಅಂತ ನಾನು ಅಂದುಕೊಂಡಿದ್ದು ನಿಜಕ್ಕೂ ದಕ್ಕೆಗಳ ಇತಿಹಾಸ ಅನ್ನಿಸತೊಡಗಿತು. ಅದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಕೊರೆಯುತ್ತೇನೆ, ಸಹಿಸಿಕೊಳ್ಳಿ.

*

ಮೊದಲು 1830ಕ್ಕೆ ಹೋಗೋಣ. ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಕಟ್ಟಿದ 'ಹ್ಯೂ ಲಿಂಡ್ಸೆ' ಅನ್ನೋ ಉಗಿಹಡಗು ಆ ವರ್ಷದ ಮಾರ್ಚಿನಲ್ಲಿ ಸೂಯೆಜ್ ಕಡೆ ಹೊರಟಿತು. ಇಂಗ್ಲೆಂಡಿನ ಟಪಾಲು ಬೇಗ ಮುಟ್ಟಿಸಬೇಕು ಅನ್ನೋದು ಉದ್ದೇಶ. ಹಡಗು ಕಟ್ಟಿದ್ದು ಐದಾರು ದಿನದ ಕಲ್ಲಿದ್ದಲು ಹಿಡಿಸುವ ಲೆಕ್ಕದಲ್ಲಿ. ಏಡನ್ ತಲುಪಲು ಅದರ ಎರಡರಷ್ಟು ದಿನ ಬೇಕು. ಏನು ಮಾಡಿದರು ಗೊತ್ತೇ? ಸರಕು ಇಡುವ ಜಾಗ, ಕ್ಯಾಬಿನ್ನು, ಎಲ್ಲೆಲ್ಲಿ ಸಂದಿ ಸಿಕ್ಕಿತೋ ಅಲ್ಲೆಲ್ಲ ಕಲ್ಲಿದ್ದಲು ತುಂಬಿದರು. ಏಡನ್ನಿಗೆ ಹಡಗು ಮುಟ್ಟಿದಾಗ ಉಳಿದಿದ್ದು ಕೆಲವೇ ಗಂಟೆಗಳಿಗೆ ಆಗುವಷ್ಟು!

ಸೂಯೆಜ್ ತಲುಪಲು ಸುಮಾರು 33 ದಿನ ಹಿಡಿಯಿತು. ಅದರಲ್ಲಿ ಹಡಗು ನಿಜವಾಗಿ ಓಡಿದ್ದು 21 ದಿನ. ಉಳಿದ ಹನ್ನೆರಡು ದಿನ ದಾರಿಯ ಬಂದರುಗಳಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುತ್ತಾ ನಿಂತಿತ್ತು. ಹಡಗು ಹೊಸ ಕಾಲದ್ದು, ಬಂದರು ಮಾತ್ರ ಹಳೇ ಕಾಲದ್ದು. ಬುಟ್ಟಿಯಲ್ಲಿ ಹೊತ್ತು ತುಂಬಬೇಕು. ಕಲ್ಲಿದ್ದಲು ಕೂಡ ಮೊದಲೇ ಬೇರೆ ಹಡಗಿನಲ್ಲಿ ಅಲ್ಲಿಗೆ ಹೋಗಿ ಬಿದ್ದಿರಬೇಕು.

ಒಂಬತ್ತು ವರ್ಷಗಳ ನಂತರ, 1839ರಲ್ಲಿ, ಕಂಪನಿ ಸರ್ಕಾರ ಏಡನ್ನನ್ನೇ ಹಿಡಿದುಕೊಂಡಿತು. ಕಾರಣಗಳು ಹಲವು, ಆದರೆ ಕಲ್ಲಿದ್ದಲು ದಾಸ್ತಾನಿಗೆ ಒಂದು ಜಾಗ ಬೇಕಿತ್ತು ಅನ್ನೋದು ಅದರಲ್ಲಿ ದೊಡ್ಡದು. ಇಂಧನ ಬದಲಾಯಿಸುವುದು ಅಂದರೆ ಎಂಜಿನ್ ಬದಲಾಯಿಸುವುದು ಅಂತಷ್ಟೇ ಅಂದುಕೊಳ್ಳುತ್ತೇವೆ. ಒಂದು ಊರನ್ನೇ ಕಿತ್ತುಕೊಳ್ಳುವ ತನಕ ಅದು ಹೋಗುತ್ತೆ.

*

ಈಗ ಡೆನ್ಮಾರ್ಕಿಗೆ ಬರೋಣ. ಆ ಪುಟ್ಟ ದೇಶ ನನ್ನನ್ನು ಹಿಡಿದು ಕೂರಿಸಲು ಕಾರಣ ಎಸ್ಬಿಯೆರ್ ಅನ್ನೋ ಊರು. ಬರವಣಿಗೆಯಲ್ಲಿ ಕೊನೆಗೊಂದು ಗಕಾರ ಇದೆ, ಡೇನರು ಅದನ್ನು ಪೂರ್ತಿ ಉಚ್ಚರಿಸುವುದಿಲ್ಲ.

1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಾದ ಎದುರು ಯುದ್ಧದಲ್ಲಿ ಸೋತು ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್ ಎರಡನ್ನೂ ಕಳೆದುಕೊಂಡಿತು. ರಾಜ್ಯದ ಸುಮಾರು ಮೂರನೇ ಒಂದು ಭಾಗ ನೆಲ. ಅದರ ಜೊತೆಗೆ ಹೋಗಿದ್ದು ಪಶ್ಚಿಮ ಸಮುದ್ರದ ಬಾಗಿಲು. ಯಟ್ಲೆಂಡಿನ ರೈತರು ಇಂಗ್ಲೆಂಡಿಗೆ ದನ ಕಳಿಸುತ್ತಿದ್ದ ಬಂದರುಗಳು ಈಗ ಬೇರೆಯವರ ಕೈಲಿ. ಉಳಿದ ಪಶ್ಚಿಮ ಕರಾವಳಿಯೋ, ಬರೀ ಮರಳು. ಹಡಗು ನಿಲ್ಲುವ ಜಾಗವೇ ಇಲ್ಲ.

1868ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು: ಫ್ಯಾನೋ ದ್ವೀಪದ ಮರೆಯಲ್ಲಿ, ಎಸ್ಬಿಯೆರ್ ಅನ್ನೋ ಕಡೆ ಬಂದರು ಕಟ್ಟಬೇಕು. ಆಗ ಅಲ್ಲಿ ಇದ್ದಿದ್ದು ಬೆರಳೆಣಿಕೆಯ ಮನೆಗಳು. ಊರಿಗೆ ಬಂದರು ಬಂದಿದ್ದಲ್ಲ, ಬಂದರಿಗೆ ಊರು ಬಂದಿದ್ದು. 1874ರ ಹೊತ್ತಿಗೆ ಬಂದರೂ ಸಿದ್ಧ, ರೈಲೂ ಸಿದ್ಧ. 1875ರಲ್ಲಿ ಇಂಗ್ಲೆಂಡಿಗೆ ಹಡಗು ಸೇವೆ ಶುರುವಾಯಿತು. ಇಂಗ್ಲಿಷರ ಬೆಳಗಿನ ತಿಂಡಿಯ ಬೆಣ್ಣೆ, ಹಂದಿಮಾಂಸ, ಮೊಟ್ಟೆ ಎಲ್ಲ ಈ ದಕ್ಕೆಯಿಂದ ಹೋಗತೊಡಗಿತು.

ಇಲ್ಲಿಂದ ಮುಂದೆ ಈ ಬಂದರು ಮಾಡಿದ ಅವತಾರಗಳು ನೋಡಿ. ಮೊದಲು ಬೆಣ್ಣೆಯ ಬಂದರು. ಆಮೇಲೆ ಮೀನಿನ ಬಂದರು. ಇಪ್ಪತ್ತನೇ ಶತಮಾನದಲ್ಲಿ ಡೆನ್ಮಾರ್ಕಿನಲ್ಲೇ ದೊಡ್ಡದು, ನೂರಾರು ದೋಣಿಗಳು. 1972ರಲ್ಲಿ ಉತ್ತರ ಸಮುದ್ರದ ಡಾನ್ ಅನ್ನೋ ಕಡೆ ಡೆನ್ಮಾರ್ಕಿನ ಮೊದಲ ಸಮುದ್ರತಳದ ಎಣ್ಣೆ ಮೇಲೆ ಬಂತು. ಅಲ್ಲಿಗೆ ಜನ, ಪೈಪು, ಊಟ, ಬೋಲ್ಟು ಕಳಿಸಲು ಒಂದು ನೆಲೆ ಬೇಕು. ಎಸ್ಬಿಯೆರ್ ಎಣ್ಣೆ ಬಂದರಾಯಿತು. ಮೀನು ಕಡಿಮೆಯಾಗುತ್ತಾ ಬಂದಿತ್ತು, ದೋಣಿ ಮಾರಿದವರ ಮಕ್ಕಳಲ್ಲಿ ಕೆಲವರು ರಿಗ್ಗಿಗೆ ಹೋಗುವ ಹಡಗು ಹತ್ತಿದರು. ಎಲ್ಲರೂ ಹತ್ತಲಿಲ್ಲ, ಅದನ್ನೂ ಹೇಳಬೇಕು.

ಆ ಊರಿನ ಕಡಲತೀರದಲ್ಲಿ ನಾಲ್ಕು ಬಿಳಿ ಮನುಷ್ಯರ ಮೂರ್ತಿಗಳಿವೆ. ಕೂತಿರುವ ಭಂಗಿಯಲ್ಲೇ ಒಂಬತ್ತು ಮೀಟರ್ ಎತ್ತರ. ಸ್ವೆನ್ ವೀಗ್ ಹ್ಯಾನ್ಸನ್ ಅನ್ನೋ ಶಿಲ್ಪಿ ಮಾಡಿದ್ದು, 1995ರಲ್ಲಿ ನಿಲ್ಲಿಸಿದ್ದು. ನಾಲ್ವರೂ ಸುಮ್ಮನೆ ಸಮುದ್ರ ನೋಡುತ್ತಾ ಕೂತಿದ್ದಾರೆ. ಚಿತ್ರ ನೋಡಿದಾಗಲೆಲ್ಲ, ಮುಂದೆ ಏನು ಬರುತ್ತಪ್ಪಾ ಅಂತ ಕಾಯುತ್ತಿರುವವರ ಹಾಗೆ ಕಾಣುತ್ತಾರೆ ನನಗೆ.

*

ಬಂದಿದ್ದು ಗಾಳಿ.

ಸಮುದ್ರದಲ್ಲಿ ಗಾಳಿಯಂತ್ರಗಳ ತೋಟ ಮಾಡಿದ ಮೊದಲಿಗರು ಡೇನರೇ. 1991ರಲ್ಲಿ ವಿಂಡೆಬಿ ಅನ್ನೋ ಕಡೆ, ದಡದಿಂದ ಕೂಗಳತೆ ಆಚೆ, 11 ಯಂತ್ರಗಳು. ಒಂದೊಂದೂ 450 ಕಿಲೋವ್ಯಾಟ್. ಎಲ್ಲಾ ಸೇರಿ ಐದು ಮೆಗಾವ್ಯಾಟ್ ಕೂಡ ಇಲ್ಲ. ಅವನ್ನು ಮಾಡಿದ ಬೋನಸ್ ಅನ್ನೋ ಕಂಪನಿ ಹುಟ್ಟಿದ್ದು ಹೊಲಕ್ಕೆ ನೀರು ಚಿಮುಕಿಸುವ ಉಪಕರಣ ಮಾಡುವವರಿಂದ. ಇನ್ನೊಂದು ದೊಡ್ಡ ಕಂಪನಿ ವೆಸ್ಟಾಸ್‌ನ ಮೂಲ ಲೆಮ್ ಅನ್ನೋ ಹಳ್ಳಿಯ ಒಂದು ಕುಲುಮೆ. ಕಮ್ಮಾರರು, ಪಂಪು ಮಾಡುವವರು ಕಟ್ಟಿದ ಉದ್ಯಮ ಇದು.

ನಿಜವಾದ ಪರೀಕ್ಷೆ 2002ರಲ್ಲಿ. ಎಸ್ಬಿಯೆರ್‌ನ ವಾಯವ್ಯಕ್ಕೆ, ತೆರೆದ ಉತ್ತರ ಸಮುದ್ರದಲ್ಲಿ, ಹಾರ್ನ್ಸ್ ರೆವ್ ಅನ್ನೋ ಮರಳುದಿಬ್ಬದ ಮೇಲೆ 80 ಯಂತ್ರಗಳು, ಒಂದೊಂದೂ 2 ಮೆಗಾವ್ಯಾಟ್. ಇಷ್ಟು ದೊಡ್ಡದನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಯಂತ್ರಗಳು ಹೊರಟಿದ್ದು ಎಸ್ಬಿಯೆರ್ ದಕ್ಕೆಯಿಂದ.

ಇಲ್ಲಿ ದಕ್ಕೆಯ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೂ ಮೊದಲು ಗೊತ್ತಿರಲಿಲ್ಲ. ಸಮುದ್ರದಲ್ಲಿ ಯಂತ್ರ ನಿಲ್ಲಿಸುವ ಹಡಗು ವಿಶೇಷದ್ದು. ಅದಕ್ಕೆ ಕಾಲುಗಳಿರುತ್ತವೆ. ಜಾಗಕ್ಕೆ ಹೋಗಿ ಕಾಲುಗಳನ್ನು ಸಮುದ್ರದ ತಳಕ್ಕೆ ಊರಿ, ಮೈಯನ್ನು ನೀರಿನಿಂದ ಮೇಲೆತ್ತಿಕೊಂಡು, ಆಮೇಲೆ ಕ್ರೇನಿನಿಂದ ಕೆಲಸ. ಇಂಥ ಹಡಗಿನ ದಿನದ ಬಾಡಿಗೆಯೇ ವಿಪರೀತ. ಅಲೆ ಜಾಸ್ತಿಯಿದ್ದರೆ, ಗಾಳಿ ಜೋರಿದ್ದರೆ ಕೆಲಸ ಮಾಡುವಂತಿಲ್ಲ. ಗಾಳಿ ಜೋರಿರುವ ಜಾಗ ಅಂತಲೇ ಅಲ್ಲಿಗೆ ಹೋಗಿದ್ದು, ಈಗ ಗಾಳಿ ನಿಲ್ಲಲಿ ಅಂತ ಕಾಯಬೇಕು! ಹಾಗಾಗಿ ಸಮುದ್ರ ತಣ್ಣಗಿರುವ ಒಂದೆರಡು ದಿನ ಸಿಕ್ಕಾಗ ಕಂಬ, ತಲೆ, ರೆಕ್ಕೆ ಎಲ್ಲ ಸಿದ್ಧವಾಗಿ ದಕ್ಕೆಯ ಮೇಲೆ ಇರಬೇಕು. ಮದುವೆ ಮನೆಯಲ್ಲಿ ಪಂಕ್ತಿ ಕೂತ ಮೇಲೆ ತರಕಾರಿ ಹೆಚ್ಚೋಕೆ ಆಗಲ್ಲವಲ್ಲ, ಹಾಗೆ.

ಅಂದರೆ ಬಂದರಿಗೆ ಬೇಕಾಗಿದ್ದು ಎಕರೆಗಟ್ಟಲೆ ಬಯಲು. ನೂರಾರು ಟನ್ ಭಾರ ಒಂದೇ ಕಡೆ ನಿಂತರೂ ಕುಸಿಯದ ನೆಲ. ಹಡಗು ಕಾಲೂರಲು ಗಟ್ಟಿಯಾದ ತಳ. ತಲೆಯ ಮೇಲೆ ಸೇತುವೆಯಿಲ್ಲದ ದಾರಿ. ಬೆಣ್ಣೆಗೆ ಇದ್ಯಾವುದೂ ಬೇಕಿರಲಿಲ್ಲ, ಮೀನಿಗೂ ಬೇಕಿರಲಿಲ್ಲ. ಅದೃಷ್ಟಕ್ಕೆ ಎಣ್ಣೆಯ ಕಾಲದಲ್ಲಿ ಕಲಿತ ವಿದ್ಯೆ ಕೈಗೆ ಬಂತು: ಭಾರ ಎತ್ತುವುದು, ಸಮುದ್ರದ ಮಧ್ಯೆ ಬೆಸುಗೆ ಹಾಕುವುದು, ಹವಾಮಾನ ನೋಡಿ ಹಡಗು ಬಿಡುವುದು.

ಎಲ್ಲ ಸರಾಗವಾಗಿ ನಡೆಯಿತು ಅಂದುಕೊಳ್ಳಬೇಡಿ. ಎರಡು ವರ್ಷವೂ ಸರಿಯಾಗಿ ತುಂಬಿರಲಿಲ್ಲ, ಹಾರ್ನ್ಸ್ ರೆವ್ ಯಂತ್ರಗಳ ಟ್ರಾನ್ಸ್‌ಫಾರ್ಮರುಗಳು, ಜನರೇಟರುಗಳು ಕೈಕೊಟ್ಟವು. ನೆಲದ ಮೇಲೆ ಚೆನ್ನಾಗಿದ್ದ ಯಂತ್ರ ಉಪ್ಪುಗಾಳಿಗೆ ತಡೆಯಲಿಲ್ಲ. 2004ರಲ್ಲಿ ಎಂಬತ್ತೂ ಯಂತ್ರಗಳ ತಲೆಭಾಗ ಇಳಿಸಿ, ದಡಕ್ಕೆ ತಂದು, ರಿಪೇರಿ ಮಾಡಿ, ಮತ್ತೆ ಹೊತ್ತುಕೊಂಡು ಹೋಗಿ ಕೂರಿಸಿದರು. ಒಂದಲ್ಲ ಎರಡಲ್ಲ, ಎಂಬತ್ತು. ಇಷ್ಟು ಅವಮಾನ ಆದಮೇಲೆ ಯಾರಾದರೂ ಕೈತೊಳೆದುಕೊಳ್ಳುತ್ತಿದ್ದರು. ಅವರು ಬಿಡಲಿಲ್ಲ. ದಕ್ಕೆ ಹತ್ತಿರವಿದ್ದದ್ದಕ್ಕೆ ಅದು ಸಾಧ್ಯವಾಯಿತು ಅಂತಲೂ ಅನ್ನಿಸುತ್ತೆ. ಇಳಿಸಲು, ಏರಿಸಲು ಒಂದು ಜಾಗ ಇತ್ತಲ್ಲ.

ಆಗ ರೆಕ್ಕೆಗಳ ಸುತ್ತಳತೆಯ ವ್ಯಾಸ 80 ಮೀಟರ್. ಈಗ ವೆಸ್ಟಾಸ್‌ನ 15 ಮೆಗಾವ್ಯಾಟ್ ಯಂತ್ರದ ಒಂದೊಂದು ರೆಕ್ಕೆಯೇ 115.5 ಮೀಟರ್. ಇದನ್ನು ಹಿರಿಯೂರಿನ ತಿರುವಿನಲ್ಲಿ ನೆನೆಸಿಕೊಳ್ಳಿ! ಇಂಥ ರೆಕ್ಕೆಯನ್ನು ರಸ್ತೆಯಲ್ಲಿ ದೂರ ಸಾಗಿಸುವ ಮಾತೇ ಕಷ್ಟ. ಅದಕ್ಕೇ ಕಾರ್ಖಾನೆಗಳೇ ದಕ್ಕೆಗೆ ಬಂದು ಕೂರುತ್ತಿವೆ. ಇಂಗ್ಲೆಂಡಿನ ಹಲ್‌ನಲ್ಲಿ 2016ರಲ್ಲಿ ಹಾಗೆಯೇ ಹಳೇ ಡಾಕಿನ ಜಾಗದಲ್ಲಿ ರೆಕ್ಕೆ ಕಾರ್ಖಾನೆ ಶುರುವಾಯಿತು. ಅದೂ ಒಂದು ಕಾಲದ ಮೀನಿನ ಊರೇ.

*

ಇನ್ನು ಹಡಗುಗಳ ಸ್ವಂತ ಹೊಗೆಯ ವಿಷಯ. ಇದರಲ್ಲೂ ಡೆನ್ಮಾರ್ಕೇ ಒಳ್ಳೆ ಉದಾಹರಣೆ ಕೊಡುತ್ತೆ, ಮೂರು ಹಡಗುಗಳಲ್ಲಿ.

ಮೊದಲನೆಯದು 'ಲೌರಾ'. 1886ರಲ್ಲಿ ಕ್ಯಾಪ್ಟನ್ ಪೀಟರ್ ಮೆರ್ಸ್ಕ್ ಮೊಲರ್ ಕೊಂಡ ಉಗಿಹಡಗು, ಕಲ್ಲಿದ್ದಲಿನದ್ದು. ಈಗಿನ ದೈತ್ಯ ಮೆರ್ಸ್ಕ್ ಕಂಪನಿಯ ಮನೆತನದ ಮೊದಲ ಉಗಿಹಡಗು.

ಎರಡನೆಯದು 'ಸೆಲಾಂಡಿಯ'. 1912ರಲ್ಲಿ ಕೋಪನ್‌ಹೇಗನ್‌ನಲ್ಲಿ ಕಟ್ಟಿದ್ದು, ಡೀಸೆಲ್ ಎಂಜಿನ್ನಿನಿಂದ ದೂರದ ಸಾಗರಗಳಿಗೆ ಓಡಿದ ಮೊದಲ ದೊಡ್ಡ ಹಡಗುಗಳಲ್ಲಿ ಒಂದು. ಹೊಗೆಕೊಳವೆಯೇ ಇಲ್ಲದ ಆ ವಿಚಿತ್ರವನ್ನು ಲಂಡನ್ನಿನಲ್ಲಿ ಹತ್ತಿ ನೋಡಿದವರಲ್ಲಿ ಆಗ ಬ್ರಿಟನ್ನಿನ ನೌಕಾ ಮಂತ್ರಿಯಾಗಿದ್ದ ಚರ್ಚಿಲ್ ಒಬ್ಬ. ಅದು ಹೊರಟಿದ್ದು ಬ್ಯಾಂಕಾಕಿಗೆ. ಕಲ್ಲಿದ್ದಲಿಗೆ ಅಂತ ದಾರಿಯಲ್ಲಿ ಎಲ್ಲೂ ನಿಲ್ಲುವ ಅಗತ್ಯ ಇರಲಿಲ್ಲ. ಏಡನ್ನಿನಂಥ ಬಂದರುಗಳ ಕಲ್ಲಿದ್ದಲು ರಾಶಿಗಳಿಗೆ ಅಂದೇ ಕೊನೆಗಾಲ ಶುರುವಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕಾಪಡೆಗೆ ಎಣ್ಣೆ ಬೇಕೆಂದು ಪರ್ಷಿಯಾದ ಎಣ್ಣೆ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡಿತು. ಆ ಒಂದು ಖರೀದಿಯ ಬಾಲ ಎಲ್ಲೆಲ್ಲಿ ಸುತ್ತಿಕೊಂಡಿತು ಅಂತ ನಿಮಗೇ ಗೊತ್ತಿದೆ. ಇತ್ತ ಹಡಗಿನ ಬಾಯ್ಲರಿನ ಮುಂದೆ ಬೆಂದುಹೋಗುತ್ತಿದ್ದ ಕೆಲಸಗಾರರು, ಅವರಲ್ಲಿ ನಮ್ಮ ದೇಶದ ಲಸ್ಕರರೂ ಬಹಳ ಮಂದಿ, ಆ ನರಕದಿಂದ ಪಾರಾದರು. ಜೊತೆಗೆ ಕೆಲಸದಿಂದಲೂ.

ಮೂರನೆಯದು 2023ರ 'ಲೌರಾ ಮೆರ್ಸ್ಕ್'. ಹೆಸರು ಹಳೇ ಲೌರಾದಿಂದಲೇ. ಮೆಥನಾಲ್ ಸುಡಬಲ್ಲ ಮೊದಲ ಕಂಟೇನರ್ ಹಡಗು. ಕೊರಿಯಾದ ಉಲ್ಸಾನ್‌ನಿಂದ ಕೋಪನ್‌ಹೇಗನ್‌ಗೆ ಬರುವಾಗ ಅದು ದಾರಿಯಲ್ಲಿ ಸಿಂಗಾಪುರ, ಈಜಿಪ್ಟಿನ ಪೋರ್ಟ್ ಸೈದ್, ರಾಟರ್‌ಡ್ಯಾಮ್‌ಗಳಲ್ಲಿ ಮೆಥನಾಲ್ ತುಂಬಿಸಿಕೊಂಡಿತು. ಓದುತ್ತಿದ್ದಾಗ ನನಗೆ ನಗು ಬಂತು. 'ಹ್ಯೂ ಲಿಂಡ್ಸೆ' ಮಾಡಿದ್ದೂ ಇದನ್ನೇ ಅಲ್ವಾ? ಮೆಥನಾಲಿನಲ್ಲಿ ಹಡಗಿನ ಮಾಮೂಲಿ ಎಣ್ಣೆಯ ಅರ್ಧದಷ್ಟೂ ಶಕ್ತಿಯಿಲ್ಲ. ಹಾಗಾಗಿ ಟ್ಯಾಂಕು ಎರಡರಷ್ಟು ದೊಡ್ಡದಿರಬೇಕು, ಇಲ್ಲ ಹೆಚ್ಚು ಕಡೆ ನಿಲ್ಲಬೇಕು. ನಿಂತ ಕಡೆ ಇಂಧನ ಸಿಗಬೇಕು. ಅಲ್ಲಿಗೆ ಮತ್ತೆ ಪ್ರಶ್ನೆ ದಕ್ಕೆಗೇ ಬಂತು.

ಅದೂ ಎಂಥ ಮೆಥನಾಲ್? ನೆಲದ ಗ್ಯಾಸಿನಿಂದ ಮಾಡಿದ್ದಾದರೆ ಏನೂ ಉಪಯೋಗವಿಲ್ಲ, ಹೊಗೆ ಹಡಗಿನಿಂದಲೂ ಬರುತ್ತೆ, ಕಾರ್ಖಾನೆಯಿಂದಲೂ ಬರುತ್ತೆ ಅಷ್ಟೇ. ಗಾಳಿ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡಿ, ಅದಕ್ಕೆ ಜೈವಿಕ ಮೂಲದ ಇಂಗಾಲದ ಡೈಆಕ್ಸೈಡ್ ಸೇರಿಸಿ ಮಾಡಿದ್ದಾಗಬೇಕು. ಅಂಥದ್ದೊಂದು ಕಾರ್ಖಾನೆ 2025ರಲ್ಲಿ ಡೆನ್ಮಾರ್ಕಿನ ಕಾಸ್ಸೊ ಅನ್ನೋ ಕಡೆ ಶುರುವಾಯಿತು. ವರ್ಷಕ್ಕೆ 42,000 ಟನ್ ಸಾಮರ್ಥ್ಯ. ಪ್ರಪಂಚದ ಹಡಗುಗಳು ವರ್ಷಕ್ಕೆ ಸುಡುವ ಎಣ್ಣೆ ಕೋಟಿಗಟ್ಟಲೆ ಟನ್. ಲೆಕ್ಕ ನೀವೇ ಹಾಕಿಕೊಳ್ಳಿ. ಸಮುದ್ರದ ಗಾಳಿಗೂ ಶುದ್ಧ ಹಡಗಿಗೂ ಇರುವ ಸಂಬಂಧ ಇಲ್ಲೇ ಇದೆ. ಅಲ್ಲಿ ಕರೆಂಟು ಹುಟ್ಟದೆ ಇಲ್ಲಿ ಇಂಧನ ಇಲ್ಲ, ಮತ್ತು ಎರಡಕ್ಕೂ ಒಂದೇ ದಕ್ಕೆ ಬೇಕು.

*

ಇಲ್ಲಿಯವರೆಗೆ ಓದಿದವರಿಗೆ, ದಕ್ಕೆ ಕಟ್ಟಿಬಿಟ್ಟರೆ ಆಯ್ತಲ್ಲ, ಹಡಗು ತಾನಾಗೇ ಬರುತ್ತೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ನಮ್ಮ ಪಣಂಬೂರು ನೆನಪಾಯಿತು.

ಮಂಗಳೂರಿನ ಹಳೇ ಬಂದರು ನದಿಯ ಅಳಿವೆಯಲ್ಲಿರೋದು. ಮರಳಿನ ದಿಬ್ಬ ಅಡ್ಡ, ದೊಡ್ಡ ಹಡಗು ಒಳಗೆ ಬರುವಂತಿಲ್ಲ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸರಿ, ಹೆಂಚು ಸಾಗಿಸಲು ಸರಿ. ಹಾಗಾಗಿ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದರ ದೊಡ್ಡ ಭರವಸೆ ಕುದುರೆಮುಖದ ಅದಿರು. ಇರಾನಿನ ಷಾ ಸರ್ಕಾರ ಸಾಲ ಕೊಡಲು, ಅದಿರು ಕೊಳ್ಳಲು ಒಪ್ಪಿತ್ತು. ಬೆಟ್ಟದಿಂದ ಬಂದರಿನವರೆಗೆ ಅದಿರಿನ ಕೆಸರು ಹರಿಯಲು 60 ಕಿಲೋಮೀಟರಿಗೂ ಉದ್ದದ ಪೈಪು ಹಾಕಿದರು. ಎಲ್ಲ ಸಿದ್ಧವಾಗುವ ಹೊತ್ತಿಗೆ, 1979ರಲ್ಲಿ, ಷಾನೇ ಇರಲಿಲ್ಲ! ಕೊಳ್ಳುವವನಿಲ್ಲದ ಅದಿರು, ಅದಕ್ಕಾಗಿ ಕಟ್ಟಿದ ದಕ್ಕೆ. 1987ರಲ್ಲಿ ಉಂಡೆ ಕಟ್ಟುವ ಕಾರ್ಖಾನೆ ಹಾಕಿ ಬೇರೆಯವರಿಗೆ ಮಾರಿದರು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆಯೇ ನಿಂತಿತು. ಕಾಡಿನ ದೃಷ್ಟಿಯಿಂದ ಆಗಬೇಕಿದ್ದದ್ದೇ ಆಯಿತು, ನನಗೆ ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಂದರು ಸಾಯಲಿಲ್ಲ. ಕಚ್ಚಾತೈಲ, ಕಲ್ಲಿದ್ದಲು, ಅಡುಗೆ ಅನಿಲ ಬಂದವು. ಎಸ್ಬಿಯೆರ್ ಕಥೆಯೂ ಇದೇ. ಯಾವುದಕ್ಕೆ ಕಟ್ಟಿದರೋ ಅದಕ್ಕಲ್ಲದೆ ಇನ್ಯಾವುದಕ್ಕೋ ಬದುಕುವುದು. ಗಟ್ಟಿ ದಕ್ಕೆ ತನ್ನ ಮೊದಲ ಕಾರಣಕ್ಕಿಂತ ಹೆಚ್ಚು ಕಾಲ ಬಾಳುತ್ತೆ. ದಕ್ಕೆಗೆ ನೆಲ ಬಿಟ್ಟುಕೊಟ್ಟವರ ಲೆಕ್ಕ ಮಾತ್ರ ಈ ಕಥೆಯಲ್ಲಿ ಯಾವಾಗಲೂ ಕೊನೆಯ ಸಾಲಿಗೆ ಹೋಗುತ್ತೆ.

ಈಗಿನ ಪರಿಸ್ಥಿತಿಯೂ ಅದೇ ಅನುಮಾನದ್ದು. 2022ರ ಮೇ ತಿಂಗಳಲ್ಲಿ ಎಸ್ಬಿಯೆರ್‌ನಲ್ಲೇ ಡೆನ್ಮಾರ್ಕ್, ಜರ್ಮನಿ, ನೆದರ್‌ಲೆಂಡ್ಸ್, ಬೆಲ್ಜಿಯಂ ಸೇರಿ 2050ರೊಳಗೆ ಉತ್ತರ ಸಮುದ್ರದಲ್ಲಿ 150 ಗಿಗಾವ್ಯಾಟ್ ಅಂತ ಘೋಷಿಸಿದವು. 2024ರ ಡಿಸೆಂಬರಿನಲ್ಲಿ ಅದೇ ಡೆನ್ಮಾರ್ಕ್ ಉತ್ತರ ಸಮುದ್ರದ 3 ಗಿಗಾವ್ಯಾಟ್ ಹರಾಜಿಗಿಟ್ಟರೆ ಒಬ್ಬನೂ ಬಿಡ್ ಹಾಕಲಿಲ್ಲ. ಆಮೇಲೆ ಸಬ್ಸಿಡಿ ಕೊಡಲು ಒಪ್ಪಬೇಕಾಯಿತು. ಹಡಗಿನ ಹೊಗೆಗೆ ಬೆಲೆ ಕಟ್ಟುವ ಜಾಗತಿಕ ನಿಯಮಕ್ಕೆ 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯಲ್ಲಿ ಒಪ್ಪಿಗೆ ಸಿಕ್ಕಿತು, ಅಕ್ಟೋಬರಿನಲ್ಲಿ ಅಂತಿಮ ನಿರ್ಧಾರ ಒಂದು ವರ್ಷ ಮುಂದಕ್ಕೆ ಹೋಯಿತು. ನಮ್ಮಲ್ಲೂ 2024ರ ಜೂನಿನಲ್ಲಿ ಕೇಂದ್ರ ಸರ್ಕಾರ ಸಮುದ್ರದ ಗಾಳಿಗೆ 7,453 ಕೋಟಿಯ ಯೋಜನೆ ಒಪ್ಪಿತು, ಗುಜರಾತಿನಲ್ಲಿ 500, ತಮಿಳುನಾಡಿನಲ್ಲಿ 500 ಮೆಗಾವ್ಯಾಟ್. ಅದರಲ್ಲಿ 600 ಕೋಟಿ ಎರಡು ಬಂದರುಗಳನ್ನು ಸಜ್ಜುಮಾಡಲು. ಬಂದರಿನ ಹೆಸರಲ್ಲಿ ಬೇರೆಯಾಗಿ ದುಡ್ಡು ಇಟ್ಟಿದ್ದು ನೋಡಿ, ಯಾರೋ ತಿರುವಿನ ಬಗ್ಗೆ ಯೋಚಿಸಿದ್ದಾರೆ ಅಂತ ಖುಷಿಯಾಗಿತ್ತು. 2025ರಲ್ಲಿ ಸಮುದ್ರದ ಗಾಳಿಯ ಟೆಂಡರುಗಳು ರದ್ದಾದವು.

ಹಾಗಾದರೆ ದಕ್ಕೆ ಕಟ್ಟಿ ಕಾಯಬೇಕೇ, ಹಡಗು ಬರಲಿ ಅಂತ ಕಟ್ಟದೆ ಕಾಯಬೇಕೇ? ಕಟ್ಟಿ ಕಾದರೆ ದುಡ್ಡು ಮುಳುಗಬಹುದು, ಕುದುರೆಮುಖದ ಹಾಗೆ ಎಂಟು ವರ್ಷ ಪರದಾಡಬಹುದು. ಕಟ್ಟದಿದ್ದರೆ ಬರುವ ಹಡಗು ಬೇರೆ ಕಡೆ ಹೋಗುತ್ತೆ, ಇಲ್ಲ ಬರುವುದೇ ಇಲ್ಲ. 1868ರ ಡೇನರಿಗೆ ಬೆಣ್ಣೆಯೂ ಎಣ್ಣೆಯೂ ಗಾಳಿಯೂ ಗೊತ್ತಿರಲಿಲ್ಲ, ದನ ಸಾಗಿಸಲು ಒಂದು ಬಾಗಿಲು ಬೇಕು ಅನ್ನೋದಷ್ಟೇ ಗೊತ್ತಿತ್ತು. ನನ್ನ ಮಟ್ಟಿಗೆ ಉತ್ತರ ಅಲ್ಲಿದೆ. ಒಂದೇ ಗಿರಾಕಿಯನ್ನು ನಂಬಿ ಕಟ್ಟಬಾರದು, ಆದರೆ ಕಟ್ಟಬೇಕು. ನಾಳೆ ಬೇರೇನೋ ಬಂದರೂ ತಡೆಯುವಷ್ಟು ಗಟ್ಟಿಯಾಗಿ, ಅಗಲವಾಗಿ. ಮತ್ತು ನೆಲ ಬಿಟ್ಟುಕೊಡುವವರ ಲೆಕ್ಕವನ್ನು ಮೊದಲ ಸಾಲಿಗೆ ತಂದು.

2024ರ ಆಗಸ್ಟಿನಲ್ಲಿ ಎಸ್ಬಿಯೆರ್ ಬಂದರಿನ ಪಕ್ಕದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಅದರ ಹೊಗೆಕೊಳವೆ 250 ಮೀಟರ್ ಎತ್ತರದ್ದು. ಊರಿನ ಮನೆಗಳನ್ನು ಬೆಚ್ಚಗಿಡಲು ಈಗ ಸಮುದ್ರದ ನೀರಿನಿಂದಲೇ ಶಾಖ ಹೀರುವ ದೊಡ್ಡ ಪಂಪು ಹಾಕಿದ್ದಾರೆ. ಆ ನಾಲ್ಕು ಬಿಳಿ ಮನುಷ್ಯರು ಇದನ್ನೂ ನೋಡಿರಬೇಕು.

ಅಂದಹಾಗೆ ಹಿರಿಯೂರಿನ ರೆಕ್ಕೆ ಕೊನೆಗೂ ತಿರುಗಿತು. ಪಕ್ಕದ ಹೊಲದವರನ್ನು ಕೇಳಿ, ಬದು ಸ್ವಲ್ಪ ಸವರಿ, ಕಲ್ಲು ತುಂಬಿ, ಒಂದೂವರೆ ಗಂಟೆ ಹಿಡಿಯಿತು. ಬೀಡಿಯಣ್ಣ ಕೈಬೀಸಿ ಹೋದ. ಬಸ್ಸಿನಲ್ಲಿ ಎಲ್ಲರೂ ರೆಕ್ಕೆಯ ಫೋಟೋ ತೆಗೆದುಕೊಂಡೆವು. ಆ ಬದುವಿನ ಫೋಟೋ ನಾನೂ ತೆಗೆಯಲಿಲ್ಲ.

ಪಣಂಬೂರು, ಕಾರವಾರ, ತೂತುಕುಡಿ ಕಡೆಯವರು, ಬಂದರಿನ ಕೆಲಸ ಹತ್ತಿರದಿಂದ ಕಂಡವರು ಇದ್ದರೆ ದಯವಿಟ್ಟು ಬರೆಯಿರಿ. ತಪ್ಪಿದ್ದರೆ ತಿದ್ದಿ. ಓದಲು ಕಾದಿರುತ್ತೇನೆ.